ಫ್ರೀ ಫೈಬರ್, 6,800 ರೂಪಾಯಿಯ ಫೈಬರ್: ಎರಡನ್ನೂ ಹಾಕಿಸಿದ ಮೇಲೆ

ಬೆಂಗಳೂರಿನ ಬಾಡಿಗೆ ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿದಾಗ ಇನ್‌ಸ್ಟಲೇಶನ್ ಪೂರ್ತಿ ಫ್ರೀ ಅಂದರು. ಸಾಗರದ ಹತ್ತಿರ ಊರಮನೆಗೆ ಕೇಬಲ್‌ನವರು ಕೇಳಿದ್ದು 6,800 ರೂಪಾಯಿ. ‘ಹಗಲು ದರೋಡೆ ಇದು’ ಅಂದರು ಅಪ್ಪಯ್ಯ. ಎರಡನ್ನೂ ಬಳಸಿದ ಮೇಲೆ ನನಗೆ ಊರಿನ ಬಿಲ್ಲೇ ನ್ಯಾಯದ್ದು ಅನ್ನಿಸಿದೆ.

ಬೆಂಗಳೂರಲ್ಲಿ ಎದುರಿನ ಕಂಬದಲ್ಲೇ ಡಬ್ಬಿ ಇತ್ತು. ಮೂವತ್ತು ಮೀಟರ್ ವೈರ್, ಮುಕ್ಕಾಲು ಗಂಟೆಯ ಕೆಲಸ. ಆದರೆ ಫ್ರೀ ಬೇಕಿದ್ದರೆ ಆರು ತಿಂಗಳದ್ದು ಮುಂಗಡ, ಮೇಲೆ 18% ಜಿಎಸ್‌ಟಿ. ಮೂರು ತಿಂಗಳಿಗೇ ಮನೆ ಬದಲಾಯಿಸಬೇಕಾಯಿತು. ಹೊಸ ಬೀದಿಯಲ್ಲಿ ಅವರ ಲೈನೇ ಇಲ್ಲ. ಉಳಿದ ದುಡ್ಡು ಕೊನೆಗೂ ವಾಪಸ್ ಬರಲಿಲ್ಲ.

ಊರಲ್ಲಿ ಕಡೆಯ ಕಂಬದಿಂದ ಮನೆಗೆ 380 ಮೀಟರ್, ನಡುವೆ ಅಡಿಕೆ ತೋಟ. ಅಪ್ಪಯ್ಯ ಪಟ್ಟು ಹಿಡಿದಿದ್ದಕ್ಕೆ ಕೇಬಲ್‌ನವರು ರಸೀದಿಯ ಹಿಂದೆ ಲೆಕ್ಕ ಬರೆದುಕೊಟ್ಟರು: ಡ್ರಾಪ್ ಕೇಬಲ್ ಮೀಟರಿಗೆ 8ರಂತೆ 3,040, ಒಎನ್‌ಟಿ (ಫೈಬರಿನ ಬೆಳಕನ್ನು ನೆಟ್ ಆಗಿಸುವ, ಮನೆಯೊಳಗಿನ ಪೆಟ್ಟಿಗೆ) 1,600, ಇಬ್ಬರ ಒಂದು ದಿನದ ಕೂಲಿ 1,800, ಎರಡು ಜಾಯಿಂಟಿಗೆ 360.

ಆ ಜಾಯಿಂಟ್ ಹಾಕುವುದನ್ನು ಜಗಲಿಯಲ್ಲಿ ಕೂತು ನೋಡಿದೆ. ಕೂದಲಿನಂಥ ಗಾಜಿನ ಎಳೆ. ಹುಡುಗ ಮೇಲಿನ ಪದರ ಸುಲಿದು, ಸ್ಪಿರಿಟ್ ಹಚ್ಚಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿದ. ಸ್ಪ್ಲೈಸಿಂಗ್ ಮಷೀನಿನ ಪರದೆಯಲ್ಲಿ ಎರಡು ತುದಿ ಎದುರುಬದುರು ಬಂದು, ಒಂದು ಕಿಡಿಗೆ ಬೆಸೆದವು. ಎಳೆಯಲ್ಲಿ ಬರುವ ಬೆಳಕಿನ ಬಲ ಅಳೆಯುವ ಪವರ್ ಮೀಟರಿನಲ್ಲಿ -21 ಡಿಬಿಎಂ ತೋರಿಸಿತು. -27ಕ್ಕಿಂತ ಕೆಳಗಿಳಿದರೆ ನೆಟ್ ನೆಚ್ಚಿಕೊಳ್ಳುವ ಹಾಗಿಲ್ಲ, ಬಿಚ್ಚಿ ಮತ್ತೆ ಹಾಕಬೇಕು.

ಪೇಟೆಯಲ್ಲಿ ಒಂದು ಎಳೆಯನ್ನು 32 ಮನೆಗೆ ಹಂಚಬಹುದು, ಹಾಕಿದ ಬಂಡವಾಳ ಬೇಗ ಹುಟ್ಟುತ್ತದೆ. ನಮ್ಮ ಕೇರಿಯಲ್ಲಿ ಇರುವುದೇ ನಾಲ್ಕು ಮನೆ. ತೋಟ ದಾಟಿ ಬಂದ ವೈರಿನ ಖರ್ಚನ್ನು ನಮ್ಮ ಜೊತೆ ಹಂಚಿಕೊಳ್ಳುವವರು ಯಾರೂ ಇಲ್ಲ.

ಹಾಗಾಗಿ ಮೊತ್ತ ಕೇಳಿ ಗಾಬರಿಯಾಗಬೇಡಿ, ಅದನ್ನು ಬಿಡಿಸಿ ಹೇಳಿ ಅನ್ನಿ. 2019ರಲ್ಲಿ ಜಿಯೋ ಫೈಬರ್ ಶುರುವಾದಾಗ ಕಟ್ಟಬೇಕಿದ್ದ 2,500ರಲ್ಲಿ 1,500 ವಾಪಸ್ ಬರುವ ಠೇವಣಿ, ಬಾರದೇ ಇರುವುದು 1,000 ಮಾತ್ರ. ಒಎನ್‌ಟಿ ನಿಮ್ಮದೋ ಅವರದೋ, ಅದನ್ನೂ ಮೊದಲೇ ಕೇಳಿ.

ಕಳೆದ ಮಳೆಗಾಲದಲ್ಲಿ ಅಡಿಕೆ ಮರ ಬಿದ್ದು ನಮ್ಮ ವೈರ್ ತುಂಡಾಯಿತು. ಮಾರನೇ ದಿನ ಅದೇ ಹುಡುಗ ಮಳೆಯಲ್ಲೇ ಬಂದು ಜೋಡಿಸಿದ. ಜಾಯಿಂಟಿನ 180 ಬಿಟ್ಟು ಒಂದು ರೂಪಾಯಿ ಹೆಚ್ಚಿಗೆ ತೆಗೆದುಕೊಳ್ಳಲಿಲ್ಲ.