ಹಿನ್ನೀರಿನಾಚೆ ಇನ್ವರ್ಟರ್: ನಾಲ್ಕು ಮಳೆಗಾಲ ಬಳಸಿದ ಮೇಲೆ

ನಮ್ಮ ಮನೆ ತುಮರಿ ಕಡೆ, ಶರಾವತಿ ಹಿನ್ನೀರಿನಾಚೆ. 900 ವಿಎ ಇನ್ವರ್ಟರು, 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ, ಅಂದರೆ ಒಳಗೆ ಆಸಿಡ್ ಇರುವ, ಆಗಾಗ ನೀರು ಹಾಕಬೇಕಾದ ಸೀಸದ ಬ್ಯಾಟರಿ. 2022ರ ಮಳೆಗಾಲಕ್ಕೆ ಮುಂಚೆ ಸಾಗರದಲ್ಲಿ ಕೊಂಡು, ಹಿನ್ನೀರು ದಾಟಿಸುವ ಲಾಂಚ್ ಮೇಲೆ ತಂದದ್ದು. ಎಷ್ಟು ಬಲ್ಬು, ಎಷ್ಟು ಫ್ಯಾನು ಓಡುತ್ತದೆ ಎಂಬ ಲೆಕ್ಕ ಎಲ್ಲ ಕಡೆ ಸಿಗುತ್ತದೆ, ಅದು ಬೇಡ. ಕಂಪನಿ ಹೆಸರೂ ಬೇಡ. ನಾನು ಹೇಳುವ ತೊಂದರೆ ಈ ಬಗೆಯ ಎಲ್ಲ ಮಾಲಿಗೂ ಇದ್ದದ್ದೇ.

ತೊಂದರೆ ಇಷ್ಟು: ದಿನಕ್ಕೆ ಒಂದೆರಡು ಗಂಟೆ ಕರೆಂಟ್ ಹೋಗುವ ಊರಿಗೆ ಇದು ಸರಿ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಒಂದೆರಡು ಗಂಟೆ ಕರೆಂಟ್ ಬಂದರೆ ಅದೇ ದೊಡ್ಡದು. ಲೈನ್ ಬರುವುದು ಕಾಡಿನೊಳಗಿಂದ. ಗಾಳಿಗೆ ಎಲ್ಲೋ ಒಂದು ಮರ ಮಲಗಿತೆಂದರೆ ಲೈನ್‌ಮನ್ ಅದನ್ನು ಹುಡುಕಿಕೊಂಡು ಮಳೆಯಲ್ಲೇ ನಡೆಯಬೇಕು. ಪೂರ್ತಿ ಇಳಿದ ಬ್ಯಾಟರಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಅಷ್ಟು ಹೊತ್ತು ಒಟ್ಟಿಗೆ ಕರೆಂಟ್ ಎಲ್ಲಿಂದ ತರೋಣ? ಅರ್ಧ ತುಂಬುವುದು, ಮತ್ತೆ ಬರಿದಾಗುವುದು. ಹೀಗೇ ವಾರಗಟ್ಟಲೆ ನಡೆದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಬ್ಯಾಟರಿಯ ತಾಕತ್ತೇ ಇಳಿಯುತ್ತದೆ. ಎರಡನೇ ಮಳೆಗಾಲದ ಕೊನೆಗೆ ನಮ್ಮದಕ್ಕೆ ಆಗಿದ್ದೂ ಅದೇ. ರಾತ್ರಿಯಿಡೀ ಬರುತ್ತಿದ್ದ ಬೆಳಕು ಹತ್ತು ಗಂಟೆಗೇ ಕೀಂ ಎಂದು ಕೂಗಿ ಆರತೊಡಗಿತು.

ಇನ್ನೊಂದು ವಿಷಯ ಮಾರುವವರು ಹೇಳುವುದೇ ಇಲ್ಲ. ಇನ್ವರ್ಟರಿನ ಬೆನ್ನಿಗೆ ಒಂದು ಸಣ್ಣ ಸ್ವಿಚ್ ಇರುತ್ತದೆ: ಒಂದು ಕಡೆ ಕಂಪ್ಯೂಟರಿನಂಥದ್ದಕ್ಕೆಂದು ಯುಪಿಎಸ್, ಇನ್ನೊಂದು ಕಡೆ ಇಕೋ ಅಥವಾ ನಾರ್ಮಲ್. ಯುಪಿಎಸ್ ಕಡೆ ಇಟ್ಟರೆ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದ ಕೂಡಲೇ ಇನ್ವರ್ಟರು ಕರೆಂಟ್ ಇಲ್ಲವೆಂದೇ ತಿಳಿದು ಬ್ಯಾಟರಿಗೆ ಕೈ ಹಾಕುತ್ತದೆ. ಲೈನಿನ ತುದಿಯ ಮನೆಗಳಲ್ಲಿ ಸಂಜೆ ಹೊತ್ತು, ಪಂಪ್‌ಸೆಟ್ ಓಡುವ ಹೊತ್ತು, ವೋಲ್ಟೇಜ್ ಅಷ್ಟಕ್ಕೆ ಇಳಿಯುವುದು ಮಾಮೂಲು. ಕರೆಂಟ್ ಇದ್ದೂ ಬ್ಯಾಟರಿ ಬರಿದು! ಇಕೋ ಕಡೆ ತಿರುಗಿಸಿದರೆ ನೂರು ಚಿಲ್ಲರೆ ವೋಲ್ಟಿನಲ್ಲೂ ಲೈನನ್ನೇ ಹಿಡಿದುಕೊಂಡಿರುತ್ತದೆ. ಕಂಪ್ಯೂಟರ್ ಇಲ್ಲದ ಮನೆಗೆ ಅದೇ ಸಾಕು. ಹಳ್ಳಿಮನೆಯವರು ಇಂದೇ ಹೋಗಿ ಆ ಸ್ವಿಚ್ ನೋಡಿ.

ಹೊಟ್ಟೆ ಉರಿಯುವುದು ಇಲ್ಲೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನಮ್ಮ ಹಿರಿಯರ ಗದ್ದೆ ತೋಟ ನೀರೊಳಗೆ ಹೋಯಿತು. ಆ ನೀರಿನಿಂದಲೇ ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್ ತೆಗೆಯಬಲ್ಲದು. ಅದರ ದಂಡೆಯ ಮೇಲೆ ಕೂತು ನಾವು ಬ್ಯಾಟರಿ ಉಳಿಸುವ ಉಪಾಯ ಹುಡುಕುತ್ತಿದ್ದೇವೆ.

ಸರ್ವೀಸ್ ಕಥೆ ಇನ್ನೂ ಬೇಸರದ್ದು. ವಾರಂಟಿ ಕಾರ್ಡಿನಲ್ಲಿ ಮನೆಗೇ ಬಂದು ನೋಡುತ್ತೇವೆ ಎಂದು ಅಚ್ಚಾಗಿದೆ. ಕೊಂಡ ಅಂಗಡಿಗೆ ಫೋನ್ ಮಾಡಿದರೆ ಆಗ ಬರುತ್ತಿದ್ದ ಉತ್ತರ, "ಹೊಳೆ ಆಚೆ ನಮ್ಮ ಹುಡುಗ್ರು ಬರಲ್ಲ ಮಾರಾಯ್ರೆ, ಲಾಂಚ್ ತಪ್ಪಿದ್ರೆ ಅಲ್ಲೇ ಉಳೀಬೇಕು. ನೀವೇ ಇಲ್ಲಿಗೆ ತಂದ್ಬಿಡಿ." ಬ್ಯಾಟರಿ ಐವತ್ತು ಕೆಜಿ ಮೇಲಿದೆ, ಒಳಗೆ ಆಸಿಡ್, ಅಡ್ಡ ಮಲಗಿಸುವಂತಿಲ್ಲ. ಬೇಸಿಗೆ ಕೊನೆಗೆ ಹಿನ್ನೀರು ತೀರಾ ಇಳಿದರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ, ಜನರನ್ನು ಮಾತ್ರ ದಾಟಿಸುತ್ತಿದ್ದರು. ಆಗ ನಿಟ್ಟೂರು, ಹೊಸನಗರ ಸುತ್ತಿ ಪಿಕಪ್‌ನಲ್ಲಿ ಒಯ್ದದ್ದೂ ಆಯಿತು. ಬಾಡಿಗೆ ಕೊಟ್ಟ ಮೇಲೆ ವಾರಂಟಿಯಲ್ಲಿ ಉಳಿದದ್ದೇನೂ ಇಲ್ಲ.

ಇಷ್ಟೆಲ್ಲ ಆದರೂ ಇದನ್ನು ಮನೆಯಿಂದ ತೆಗೆಯುವ ಮಾತೇ ಇಲ್ಲ. ಅಡಿಕೆ ಸುಲಿಯುವ ಕಾಲ ಬಂದಾಗ ಅದು ಯಾಕೆಂದು ತಿಳಿಯುತ್ತದೆ. ಊಟ ಮುಗಿಸಿ ಅಕ್ಕಪಕ್ಕದ ಹೆಂಗಸರು ಬಂದು ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂರುತ್ತಾರೆ. ಮೊದಲು ಕರೆಂಟ್ ಹೋದರೆ ಕತ್ತಲಲ್ಲಿ ಕೈ ಕತ್ತಿಗೆ ತಾಗುತ್ತದೆಂದು ಎಲ್ಲರೂ ನಿಲ್ಲಿಸಿ, ಚಿಮಣಿ ಬುಡ್ಡಿ ಹಚ್ಚುವ ತನಕ ಕಾಯುತ್ತಿದ್ದರು. ಈಗ ಬಲ್ಬು ಒಮ್ಮೆ ಮಿಟುಕುತ್ತದೆ ಅಷ್ಟೆ. ಕಾಯಿ ಕತ್ತಿಗೆ ಒತ್ತುತ್ತದೆ, ಸಿಪ್ಪೆ ಅತ್ತ, ಅಡಿಕೆ ಇತ್ತ ಬುಟ್ಟಿಗೆ. ಮಾತು ಕೂಡ ನಿಲ್ಲುವುದಿಲ್ಲ. ಎರಡು ಎಲ್‌ಇಡಿ ಬಲ್ಬಿಗೆ ಸೊರಗಿದ ಬ್ಯಾಟರಿಯೂ ಸಾಕು.

ಶನಿವಾರ ಬೆಳಿಗ್ಗೆ ಅದರ ಆರೈಕೆ ನನ್ನ ಪಾಲಿಗೆ. ಸ್ವಿಚ್ ಆರಿಸಿ, ಒಣಬಟ್ಟೆಯಲ್ಲಿ ಮೇಲಿನ ತೇವ ಒರೆಸುತ್ತೇನೆ. ನೀರಿನ ಮಟ್ಟ ತೋರಿಸುವ ಆರು ಫ್ಲೋಟುಗಳನ್ನೂ ಬಗ್ಗಿ ನೋಡುತ್ತೇನೆ, ಕೆಂಪು ಗೆರೆಗೆ ಇಳಿದದ್ದಕ್ಕೆ ಡಿಸ್ಟಿಲ್ಡ್ ವಾಟರ್ ಹನಿಹನಿಯಾಗಿ ಬಿಡುತ್ತೇನೆ. ಮಲೆನಾಡಿನ ಥಂಡಿಗೆ ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಟ್ಟುವುದು ಬೇಗ. ಬಿಸಿನೀರಿನಲ್ಲಿ ತೊಳೆದು, ಪೂರಾ ಒಣಗಿಸಿ, ವ್ಯಾಸಲೀನ್ ಹಚ್ಚಬೇಕು. ಈ ಕೆಲಸ ನನಗೆ ನಿಜಕ್ಕೂ ಇಷ್ಟ.

2025ರ ಜುಲೈ 14ರಂದು ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿ ನಡುವೆ ಸೇತುವೆ ತೆರೆಯಿತು. 2.44 ಕಿಲೋಮೀಟರ್. ಆ ಮಳೆಗಾಲದಲ್ಲೇ ಅದೇ ಅಂಗಡಿಯ ಹುಡುಗ ಬೈಕಿನಲ್ಲಿ ಬಂದ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ಒಂದೊಂದೇ ಸೆಲ್ ನೋಡಿ, ಎರಡು ಸೆಲ್ ಹೋಗಿದೆ ಅಂದ, ಚಹಾ ಕುಡಿದು ಕತ್ತಲಾದ ಮೇಲೆ ಹೊರಟ. ಕತ್ತಲಾದ ಮೇಲೆ ಹೊರಟ ಎಂಬುದು ನಮಗೆ ಎಷ್ಟು ದೊಡ್ಡದೆಂದು ಸಂಜೆ ಲಾಂಚ್ ತಪ್ಪಿಸಿಕೊಂಡವರಿಗೆ ಗೊತ್ತು.

ಮುಂದಿನ ಸಲ ಲಿಥಿಯಂ ಬ್ಯಾಟರಿಯದ್ದು ಕೊಳ್ಳುವ ಯೋಚನೆ. ಬೇಗ ಚಾರ್ಜ್ ಆಗುತ್ತದೆ, ಅರ್ಧಂಬರ್ಧ ತುಂಬಿದರೂ ಹಾಳಾಗುವುದಿಲ್ಲ, ನೀರು ಹಾಕುವ ಕೆಲಸವಿಲ್ಲ. ಬೆಲೆ ಮಾತ್ರ ಜಾಸ್ತಿ, ಅಡಿಕೆ ದುಡ್ಡು ಬಂದ ಮೇಲೇ ಆಗಬೇಕು. ಪೇಟೆಯ ಹತ್ತಿರದವರು, ಕರೆಂಟ್ ಹೆಚ್ಚು ಹೊತ್ತು ಇರುವವರು ಟ್ಯೂಬ್ಯುಲರನ್ನೇ ತಗೊಳ್ಳಿ, ನಾಲ್ಕು ಸ್ಟಾರ್. ನಮ್ಮಂಥ ಲೈನಿನ ತುದಿಯವರಿಗೆ ಎರಡೂವರೆ. ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಊರ ಹೆಸರು ಹೇಳಿ, ಅಲ್ಲಿಗೆ ಬರುತ್ತೀರಾ ಎಂದು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.