ಗ್ರನಾಡಾದಿಂದ ಒಂದು ದಿನ: ಅಲ್ಪುಹಾರಾ, ಗ್ವಾದಿಕ್ಸ್ ಅಥವಾ ಅಲಾಮಾ?

ಸ್ಪೇನಿನ ಗ್ರನಾಡಾಕ್ಕೆ ಬರುವ ನಮ್ಮವರಲ್ಲಿ ಹೆಚ್ಚಿನವರು ಅಲ್‌ಹಂಬ್ರಾ ಅರಮನೆ ನೋಡಿ ಮರುದಿನವೇ ಊರು ಬಿಡುತ್ತಾರೆ. ಅದು ನನಗೆ ಬೇಸರದ ಸಂಗತಿ. ಕೊನೆಯ ಸುಲ್ತಾನ ಬೋಅಬ್ದಿಲ್ 1492ರ ಜನವರಿ 2ರಂದು ನಗರವನ್ನು ಕ್ರೈಸ್ತ ದೊರೆಗಳಿಗೆ ಒಪ್ಪಿಸಿದ ಕಥೆ ಅರಮನೆಯಲ್ಲಿ ಸಿಗುತ್ತದೆ. ಅದಕ್ಕೆ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂಬುದು ಪ್ರಾಂತ್ಯದ ಊರುಗಳಲ್ಲಿದೆ. ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮರಳಬಹುದಾದ ಈ ಮೂರು ದಾರಿಗಳಲ್ಲಿ ಬಸ್ಸಿನಲ್ಲೇ ಓಡಾಡಿದ್ದೇನೆ. ಒಂದೇ ದಿನ ಕೈಯಲ್ಲಿದ್ದರೆ ಅಲ್ಪುಹಾರಾಕ್ಕೆ ಹೋಗಿ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ.

ಅಲ್ಪುಹಾರಾ ಎಂದರೆ ಸಿಯೆರಾ ನೆವಾಡಾ ಪರ್ವತದ ದಕ್ಷಿಣದ ಇಳಿಜಾರು. ಅಲ್ಲಿನ ಪೊಕೇಯ್ರಾ ಕಣಿವೆಯಲ್ಲಿ ಪಂಪನೇಯ್ರಾ, ಬುಬಿಯೋನ್, ಕಪಿಲೇಯ್ರಾ ಎಂಬ ಮೂರು ಬಿಳಿ ಹಳ್ಳಿಗಳು ಒಂದರ ಮೇಲೊಂದು ಕುಳಿತಿವೆ. ಬಸ್ಸಿಗೆ ಎರಡು ಗಂಟೆಗೂ ಮೇಲೆ ಬೇಕು. ಮೂರು ದಾರಿಗಳಲ್ಲಿ ಇದೇ ಎಲ್ಲಕ್ಕಿಂತ ಉದ್ದದ ಪ್ರಯಾಣ, ತಿರುವುಗಳಲ್ಲಿ ತಲೆ ಸುತ್ತುವವರಿಗೆ ಕಷ್ಟವೂ ಹೌದು. ಹೋಗುವಾಗ ಬಲಬದಿಯ ಕಿಟಕಿ ಹಿಡಿಯಿರಿ. ಸುಮಾರು 1,430 ಮೀಟರ್ ಎತ್ತರದ ಕಪಿಲೇಯ್ರಾದವರೆಗೂ ಬಸ್ಸಿನಲ್ಲಿ ಹೋಗಿ, ಕಾಲುದಾರಿಯಲ್ಲಿ ಪಂಪನೇಯ್ರಾಕ್ಕೆ ಇಳಿಯುವುದು ಸರಿಯಾದ ಕ್ರಮ. ಪಂಪನೇಯ್ರಾದಲ್ಲೇ ಇಳಿದು ಅಂಗಡಿಗಳ ಮುಂದೆ ದಿನ ಕಳೆಯುವವರು ಕಣಿವೆಯನ್ನೇ ಕಳೆದುಕೊಳ್ಳುತ್ತಾರೆ.

ಇಳಿಯುವಾಗ ಮನೆಗಳ ಚಾವಣಿಗಳು ನಿಮ್ಮ ಕಾಲ ಮಟ್ಟಕ್ಕೆ ಬರುತ್ತವೆ. ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ಕಲ್ಲಿನ ಚಪ್ಪಡಿ, ಅದರ ಮೇಲೆ ನೀರು ಇಳಿಯಗೊಡದ ಬೂದುಬಣ್ಣದ ಮಣ್ಣು. ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳ ಹಾಗೆ, ಮೇಲೆ ನಿಂತು ಕಾಳು, ಹಣ್ಣು ಒಣಗಿಸುವ ಸಮತಟ್ಟು ಚಾವಣಿ. ಓಣಿಯ ಮೇಲೇ ಕೋಣೆ ಕಟ್ಟಿ ಕೆಳಗೆ ನೆರಳಿನ ದಾರಿ ಬಿಟ್ಟಿರುತ್ತಾರೆ. ಪಂಪನೇಯ್ರಾದ ಒಂದು ಬೀದಿಯ ನಡುವೆ ಅಂಗೈ ಅಗಲದ ಕಾಲುವೆ ಸದ್ದು ಮಾಡುತ್ತಾ ಇಳಿಯುತ್ತದೆ.

ಈ ನೀರಿನ ವ್ಯವಸ್ಥೆಗಾಗಿಯೇ ನಾನು ಅಲ್ಪುಹಾರಾವನ್ನು ಮೇಲಿಡುತ್ತೇನೆ. ಹಿಮ ಕರಗಿದ ನೀರನ್ನು ಬೆಟ್ಟದ ಎತ್ತರದಲ್ಲೇ ಮಣ್ಣಿನ ಕಾಲುವೆಗಳಿಗೆ ತಿರುಗಿಸಿ, ಬೇಕೆಂದೇ ನೆಲಕ್ಕೆ ಇಂಗಲು ಬಿಡುತ್ತಾರೆ. ಅದು ವಾರಗಳ, ತಿಂಗಳುಗಳ ನಂತರ ಕೆಳಗಿನ ಒರತೆಗಳಲ್ಲಿ, ಬೇಸಿಗೆಗೆ ಸರಿಯಾಗಿ, ಹೊರಗೆ ಬರುತ್ತದೆ. ಮುಸ್ಲಿಮರ ಆಳ್ವಿಕೆಯ ಕಾಲದಲ್ಲಿ ಹಬ್ಬಿದ ಈ ಜಾಲವನ್ನು ಅವರ ವಂಶದವರಾದ, ಬಲವಂತದಿಂದ ಕ್ರೈಸ್ತರಾಗಿದ್ದ ಮೊರಿಸ್ಕೋಗಳು ನೋಡಿಕೊಂಡರು. 1568ರಲ್ಲಿ ಅವರು ದಂಗೆಯೆದ್ದರು. 1571ರ ಹೊತ್ತಿಗೆ ದಂಗೆ ಅಡಗಿತು, ಜನರನ್ನು ಊರು ಬಿಡಿಸಿ ಉತ್ತರದಿಂದ ಒಕ್ಕಲು ತಂದು ಕೂರಿಸಲಾಯಿತು. ಜನ ಹೋದರೂ ಕಾಲುವೆ ಉಳಿಯಿತು.

ಕನ್ನಡಿಗರಿಗೆ ಇನ್ನೊಂದು ನಂಟೂ ಇದೆ. ಬುಬಿಯೋನ್‌ನ ಎದುರಿನ ಬೆಟ್ಟದಲ್ಲಿ ಟಿಬೆಟಿಯನ್ ಬೌದ್ಧರ ಓ ಸೆಲ್ ಲಿಂಗ್ ಧ್ಯಾನಕೇಂದ್ರವಿದೆ. ಅದನ್ನು ಸ್ಥಾಪಿಸಿದ ಲಾಮಾ ಯೇಶೆ ಅವರ ಪುನರ್ಜನ್ಮವೆಂದು ಗುರುತಿಸಲ್ಪಟ್ಟ, 1985ರಲ್ಲಿ ಗ್ರನಾಡಾದಲ್ಲಿ ಹುಟ್ಟಿದ ಓಸೆಲ್ ಹೀತಾ, ಬಾಲ್ಯದಲ್ಲಿ ಓದಿದ್ದು ನಮ್ಮ ಬೈಲಕುಪ್ಪೆಯ ಸೆರಾ ಮಠದಲ್ಲಿ.

ಗ್ವಾದಿಕ್ಸ್ ಇದಕ್ಕೆ ಪೂರ್ತಿ ತದ್ವಿರುದ್ಧ. ಒಂದು ಗಂಟೆಯ ನೇರ ಹೆದ್ದಾರಿ. ಹಸಿರು ಮುಗಿದು ಕೆಂಪು ಮಣ್ಣಿನ ದಿಬ್ಬಗಳು ಶುರುವಾಗುತ್ತವೆ. ಆ ದಿಬ್ಬಗಳನ್ನೇ ಕೊರೆದು ಮಾಡಿದ ಸಾವಿರಾರು ಗುಹೆಮನೆಗಳಲ್ಲಿ ಇವತ್ತಿಗೂ ಸಂಸಾರಗಳಿವೆ. ಮುಂದೆ ಸುಣ್ಣ ಬಳಿದ ಗೋಡೆ, ಬಾಗಿಲು, ವಿದ್ಯುತ್ ಮೀಟರ್. ಹಿಂದೆ ಬರೀ ಗುಡ್ಡ, ಗುಡ್ಡದಿಂದ ಎದ್ದ ಬಿಳಿ ಹೊಗೆಗೂಡು. ಬೇಸಿಗೆಯ ಮಧ್ಯಾಹ್ನ ಹೊರಗೆ ನಿಲ್ಲಲಾಗದ ಬಿಸಿಲಿದ್ದಾಗ ಗುಹೆ ವಸ್ತುಸಂಗ್ರಹಾಲಯದೊಳಗೆ ಹೆಜ್ಜೆಯಿಟ್ಟರೆ ಮೈ ತಣ್ಣಗಾಗುತ್ತದೆ. ವರ್ಷವಿಡೀ ಒಳಗೆ ಹೆಚ್ಚೂಕಡಿಮೆ 18ರಿಂದ 20 ಡಿಗ್ರಿ. ಜುಲೈ, ಆಗಸ್ಟ್‌ನಲ್ಲಿ ಬರುವವರಿಗೆ, ಮಕ್ಕಳು ಅಥವಾ ವಯಸ್ಸಾದ ತಂದೆತಾಯಿ ಜೊತೆಗಿರುವವರಿಗೆ ಇದನ್ನೇ ಮೊದಲು ಹೇಳುತ್ತೇನೆ. ಕಥೀಡ್ರಲ್, ರೋಮನ್ ರಂಗಮಂದಿರದ ಅವಶೇಷ ಎರಡೂ ಹತ್ತಿರ ಹತ್ತಿರ ಇವೆ. ಆದರೆ ಮಧ್ಯಾಹ್ನದ ವಿಶ್ರಾಂತಿಗೆ ಊರು ಬಾಗಿಲು ಹಾಕುತ್ತದೆ, ಬೆಳಗಿನ ಬಸ್ಸಿಗೇ ಹೋಗಬೇಕು.

ಅಲಾಮಾ ದೇ ಗ್ರನಾಡಾ ನೈಋತ್ಯಕ್ಕಿದೆ. ಕ್ರೈಸ್ತ ಸೈನಿಕರು 1482ರಲ್ಲಿ ಈ ಊರನ್ನು ಹಠಾತ್ತನೆ ಹಿಡಿದದ್ದರಿಂದಲೇ ಗ್ರನಾಡಾದ ಹತ್ತು ವರ್ಷಗಳ ಯುದ್ಧ ಹೊತ್ತಿಕೊಂಡಿತು. ಕಡಿದಾದ ಕಂದರದ ಅಂಚಿನಲ್ಲಿ ಊರಿನ ಮನೆಗಳು ನಿಂತಿರುವ ನೋಟ ಚೆಂದ. 1884ರ ಡಿಸೆಂಬರ್ 25ರ ಭೂಕಂಪದಲ್ಲಿ ಬಹಳಷ್ಟು ಕಟ್ಟಡಗಳು ನೆಲಕಚ್ಚಿದ್ದರಿಂದ ಹಳೆಯದನ್ನು ಹುಡುಕಿಕೊಂಡು ನಡೆಯಬೇಕಾಗುತ್ತದೆ. ಊರಾಚೆ ಹೊಳೆಯ ಪಕ್ಕ ಬಿಸಿನೀರಿನ ಬುಗ್ಗೆಗಳಿವೆ. ಚಳಿಗಾಲದಲ್ಲಿ ಅದಕ್ಕಾಗಿಯೇ ಹೋಗಬಹುದು. ಇತಿಹಾಸ ಓದಿಕೊಂಡು ಬಂದವರಿಗೆ ಇದು ಹೆಚ್ಚು ಕೊಡುತ್ತದೆ, ಬರೀ ನೋಟಕ್ಕೆಂದು ಬಂದವರಿಗೆ ಉಳಿದೆರಡರಷ್ಟು ಕೊಡುವುದಿಲ್ಲ.

ಊಟದ ಮಾತು. ಸಸ್ಯಾಹಾರಿಗಳಿಗೆ ಅಲ್ಪುಹಾರಾ ತುಸು ಕಠಿಣ. ಅಲ್ಲಿನ ಹೆಸರಾಂತ ತಟ್ಟೆಯೂಟದಲ್ಲಿ ಹಂದಿಮಾಂಸ ಇದ್ದೇ ಇರುತ್ತದೆ. ‘ಪಪಾಸ್ ಆ ಲೋ ಪೊಬ್ರೆ’ ಕೇಳಿ: ಆಲೂಗಡ್ಡೆ, ಈರುಳ್ಳಿ, ದೊಣ್ಣೆಮೆಣಸಿನಕಾಯಿಯನ್ನು ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ್ದು. ಮಾಂಸ, ಮೊಟ್ಟೆ ಬೇಡವೆಂದು ಆರ್ಡರ್ ಕೊಡುವಾಗಲೇ ಹೇಳಿಬಿಡಿ. ಕಪಿಲೇಯ್ರಾದಲ್ಲಿ ಇದನ್ನು ತಿಂದು ನಡೆಯಲು ಶುರುಮಾಡಿದರೆ ಸಂಜೆಯ ಬಸ್ಸಿಗೆ ಪಂಪನೇಯ್ರಾ ತಲುಪಲು ಬೇಕಾದಷ್ಟು ಹೊತ್ತಿರುತ್ತದೆ.