ಸ್ಲೈಸ್ ಬಿಟ್ಟು ಬ್ಲಾಕ್ ಚೀಸ್‌ಗೆ ಬಂದು ಎರಡೂವರೆ ವರ್ಷ: ನಮ್ಮ ಮನೆಯ ಅನುಭವ

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ನಾನು, ಯಜಮಾನರು, ಇಬ್ಬರು ಮಕ್ಕಳು, ಅತ್ತೆ. ಮೊದಲು ಫ್ರಿಜ್ಜಿನಲ್ಲಿ ಚೀಸ್ ಸ್ಲೈಸ್ ಪ್ಯಾಕೆಟ್ ಯಾವಾಗಲೂ ಇರುತ್ತಿತ್ತು. ಬೆಳಗ್ಗೆ ಏಳೂವರೆಗೆ ಸ್ಕೂಲ್ ವ್ಯಾನ್ ಬರುತ್ತದೆ. ಬ್ರೆಡ್ಡಿನ ಮಧ್ಯೆ ಒಂದು ಸ್ಲೈಸ್ ಇಟ್ಟರೆ ಡಬ್ಬಿ ರೆಡಿ. ಹಾಲಿಂದ ಮಾಡಿದ್ದು ತಾನೇ, ಮಕ್ಕಳಿಗೆ ಕ್ಯಾಲ್ಸಿಯಂ ಸಿಗುತ್ತೆ ಅಂತ ನನಗೂ ಸಮಾಧಾನ.

ಬದಲಾಗಿದ್ದು ಅತ್ತೆಯಿಂದ. ಅವರಿಗೆ ಬಿಪಿ ಇದೆ. ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ ದಿನವೇ ಉಪ್ಪಿನಕಾಯಿ, ಹಪ್ಪಳ ಎರಡನ್ನೂ ಬಿಟ್ಟರು. ಆದರೆ ಮೊಮ್ಮಕ್ಕಳ ಜೊತೆ ಚೀಸ್ ದೋಸೆ ತಿನ್ನುವುದು ಅವರಿಗೆ ಇಷ್ಟ. ಒಂದು ಭಾನುವಾರ ಎರಡು ಸ್ಲೈಸ್ ಹಾಕಿದ ದೋಸೆ ಮುಂದಿಟ್ಟಾಗ, "ಇದರಲ್ಲಿ ಉಪ್ಪೆಷ್ಟಿದೆ ಅಂತ ಆ ಪ್ಯಾಕೆಟ್ ನೋಡಮ್ಮಾ" ಅಂದರು. ಅದುವರೆಗೆ ನಾನು ನೋಡಿರಲೇ ಇಲ್ಲ.

ಪ್ಯಾಕೆಟ್ಟಿನ ಮೇಲೆ ಉಪ್ಪಿನ ಲೆಕ್ಕ ಸೋಡಿಯಂ ಹೆಸರಲ್ಲಿ ಇರುತ್ತದೆ; ಬಿಪಿಗೆ ತೊಂದರೆ ಕೊಡುವುದು ಉಪ್ಪಿನೊಳಗಿನ ಈ ಸೋಡಿಯಮ್ಮೇ. 100 ಗ್ರಾಂಗೆ ಸೋಡಿಯಂ 1250 ಮಿಲಿಗ್ರಾಂ ಹತ್ತಿರ ಇತ್ತು. ಒಂದು ಸ್ಲೈಸ್ 20 ಗ್ರಾಂ. ಎರಡಕ್ಕೆ 500 ಮಿಲಿಗ್ರಾಂ. ದೊಡ್ಡವರಿಗೆ ಇಡೀ ದಿನಕ್ಕೆ 2000 ಮಿಲಿಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ದೋಸೆಯ ಮೇಲಿನ ಚೀಸಿನಲ್ಲೇ ದಿನದ ಕಾಲು ಭಾಗ. ದೋಸೆ ಹಿಟ್ಟಿನ ಉಪ್ಪು, ಚಟ್ನಿ ಉಪ್ಪು ಬೇರೆ. ಹಪ್ಪಳ ಬಿಟ್ಟು ಏನು ಬಂತು ಅಲ್ವಾ? ಅತ್ತೆ ಸುಮ್ಮನೆ ತಟ್ಟೆ ಪಕ್ಕಕ್ಕೆ ಸರಿಸಿದರು. ನನಗೆ ತುಂಬಾ ಬೇಜಾರಾಯಿತು.

ಆಮೇಲೆ ಅದೇ ಪ್ಯಾಕೆಟ್ಟಿನ ಹಿಂಭಾಗ ಪೂರ್ತಿ ಓದಿದೆ. ಅದು ಪ್ರೊಸೆಸ್ಡ್ ಚೀಸ್. ಮೊದಲು ಮಾಡಿದ ಚೀಸನ್ನು ಮತ್ತೆ ಕರಗಿಸಿ, ಎಮಲ್ಸಿಫೈಯಿಂಗ್ ಸಾಲ್ಟ್ ಅನ್ನುವ ಲವಣ ಸೇರಿಸಿ, ಅಚ್ಚಿಗೆ ಹಾಕುವುದು. ಸಿಟ್ರೇಟ್, ಫಾಸ್ಫೇಟ್ ಅಂತ ಬರೆದಿರುತ್ತಾರೆ, ಇಲ್ಲವೇ 331, 339 ಅಂತ ನಂಬರ್ ಇರುತ್ತದೆ. ಇವು ವಿಷ ಅಲ್ಲ, ಕಾನೂನು ಒಪ್ಪಿದ ಪದಾರ್ಥಗಳೇ. ಆದರೆ ಸೋಡಿಯಂ ಜಾಸ್ತಿಯಾಗಲು ಇವೂ ಒಂದು ಕಾರಣ. ನಾನು ಈಗ ತರುವುದು ಚೆಡ್ಡಾರ್, ಅಂದರೆ ಮತ್ತೆ ಕರಗಿಸದೆ ಹಾಗೇ ಮಾಗಿಸಿದ ಗಟ್ಟಿ ಚೀಸ್. ಅದರ ಬ್ಲಾಕಿನ ಮೇಲೆ ಇರುವುದು ನಾಲ್ಕೇ ಪದಾರ್ಥ: ಹಾಲು, ಉಪ್ಪು, ಕಲ್ಚರ್ (ಹೆಪ್ಪಿನಂಥ ಬ್ಯಾಕ್ಟೀರಿಯಾ), ಮೈಕ್ರೋಬಿಯಲ್ ರೆನೆಟ್. ಸೋಡಿಯಂ 650ರ ಆಸುಪಾಸು, ಹೆಚ್ಚುಕಡಿಮೆ ಅರ್ಧ.

ರೆನೆಟ್ ಬಗ್ಗೆ ಅತ್ತೆ ಬಿಡದೆ ಕೇಳಿದರು. ಹಾಲನ್ನು ಗಟ್ಟಿಯಾಗಿಸುವ ಕಿಣ್ವ ಅದು. ಹೊರದೇಶದ ಕೆಲವು ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಮೈಕ್ರೋಬಿಯಲ್ ಅಂದರೆ ಸೂಕ್ಷ್ಮಜೀವಿಗಳಿಂದ ತಯಾರಾದದ್ದು. ಹಸಿರು ಚುಕ್ಕಿ ತೋರಿಸಿದ ಮೇಲೆಯೇ ಅವರು ತಿಂದಿದ್ದು. ಸಸ್ಯಾಹಾರಿಗಳ ಮನೆಯಾದರೆ ಆಮದು ಚೀಸ್ ಕೊಳ್ಳುವಾಗ ಇದನ್ನು ಮರೆಯಬೇಡಿ.

ಮೊದಲ ಬ್ಲಾಕ್ ತಂದ ದಿನ ನಾನು ಮೋಸ ಹೋದೆ ಅಂದುಕೊಂಡೆ. ಕಾವಲಿ ಮೇಲೆ ಒಂದು ಕಡೆ ಹಳೇ ಸ್ಲೈಸು, ಇನ್ನೊಂದು ಕಡೆ ತುರಿದ ಚೆಡ್ಡಾರ್ ಹಾಕಿದೆ. ಸ್ಲೈಸು ನುಣ್ಣಗೆ, ಹೊಳೆಯುತ್ತಾ ಕರಗಿತು. ಒಂದು ಹನಿ ಜಿಡ್ಡು ಹೊರಗೆ ಬರಲಿಲ್ಲ. ಚೆಡ್ಡಾರ್ ಮೊದಲು ಮೆತ್ತಗಾಯಿತು, ಆಮೇಲೆ ಅಂಚಿನಲ್ಲಿ ಹಳದಿ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಜಿನುಗಿತು, ನಡುವೆ ಗಂಟು ಗಂಟು ಉಳಿಯಿತು. ದುಡ್ಡು ಕೊಟ್ಟು ಕೆಟ್ಟ ಮಾಲು ತಂದೆ ಅನಿಸಿತು. ನಿಜ ಏನೆಂದರೆ ಆ ಜಿಡ್ಡು ಹಾಲಿನದೇ. ಜಿಡ್ಡು, ನೀರು, ಪ್ರೋಟೀನು ಬೇರೆಯಾಗದಂತೆ ಹಿಡಿದಿಡುವುದೇ ಸ್ಲೈಸಿನೊಳಗಿನ ಲವಣಗಳ ಕೆಲಸ. ಬ್ಲಾಕಿನಲ್ಲಿ ಆ ಲವಣ ಇಲ್ಲ, ಅದಕ್ಕೇ ಬಿಟ್ಟುಕೊಳ್ಳುತ್ತದೆ. ಈಗ ದೋಸೆ ಬೆಂದ ಮೇಲೆ ಉರಿ ಆರಿಸಿ, ಸಣ್ಣಗೆ ತುರಿದು ಉದುರಿಸಿ, ಒಂದು ನಿಮಿಷ ಮುಚ್ಚುತ್ತೇನೆ. ಹದವಾಗಿ ಕರಗುತ್ತದೆ. ಅಂಚು ಸ್ವಲ್ಪ ಗರಿಗರಿಯಾದರೆ ಮಕ್ಕಳು ಅದಕ್ಕೇ ಜಗಳ ಆಡುತ್ತಾರೆ.

ಬೆಲೆಯ ವಿಷಯ. ಸ್ಲೈಸ್ ಪ್ಯಾಕೆಟ್ಟಿಗೆ ಕೊಡುತ್ತಿದ್ದದ್ದಕ್ಕೆ ಹೋಲಿಸಿದರೆ ಅಷ್ಟೇ ತೂಕದ, 200 ಗ್ರಾಂ ಬ್ಲಾಕಿಗೆ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ನನ್ನ ತವರು ಮದ್ದೂರಿನ ಪಕ್ಕ. ಅಮ್ಮ ಈಗಲೂ ಎರಡು ಹಸು ಕಟ್ಟಿದ್ದಾರೆ, ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಾರೆ. ಇಷ್ಟು ಚೂರಿಗೆ ಇಷ್ಟೊಂದು ದುಡ್ಡಾ ಅಂತ ಅವರು ಕೇಳಿದಾಗ ಲೆಕ್ಕ ಹೇಳಿದೆ. ಒಂದು ಕಿಲೋ ಚೆಡ್ಡಾರ್ ಆಗಲು ಸುಮಾರು 10 ಲೀಟರ್ ಹಾಲು ಬೇಕು. ಈ ಚೂರಿನಲ್ಲಿ ಎರಡು ಲೀಟರ್ ಹಾಲಿದೆ, ಮೇಲೆ ತಿಂಗಳುಗಟ್ಟಲೆ ತಂಪಿನಲ್ಲಿಟ್ಟು ಮಾಗಿಸಬೇಕು. ಅಮ್ಮ ಚೂರನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, "ಹಂಗಾದ್ರೆ ಜಾಸ್ತಿ ಏನಲ್ಲ ಬಿಡು" ಅಂದರು. ಹಾಲು ಕರೆಯುವವರ ಮಾತು ಅದು.

ಖರ್ಚು ತಿಂಗಳಿಗೆ ಜಾಸ್ತಿಯಾಗಿಲ್ಲ. ಮಾಗಿದ ಚೀಸಿಗೆ ರುಚಿ ಗಾಢ, ಸ್ವಲ್ಪ ಹಾಕಿದರೆ ಸಾಕು. ಮೊದಲು ವಾರಕ್ಕೆ ಒಂದು ಪ್ಯಾಕೆಟ್ ಹೋಗುತ್ತಿತ್ತು, ಈಗ ಒಂದು ಬ್ಲಾಕ್ ಹದಿನೈದು ದಿನ ಬರುತ್ತದೆ. ಅತ್ತೆಯ ದೋಸೆಗೆ 10 ಗ್ರಾಂ, ಅದೂ ವಾರಕ್ಕೊಮ್ಮೆ. ಅವತ್ತಿನ ಚಟ್ನಿಗೆ ಉಪ್ಪು ಹಾಕುವುದಿಲ್ಲ. ಎಷ್ಟೇ ಒಳ್ಳೆಯದಾದರೂ ಚೀಸ್ ಚೀಸೇ: ಚೆಡ್ಡಾರ್ 100 ಗ್ರಾಂಗೆ 400 ಕ್ಯಾಲೊರಿ. ಹಿಡಿ ಹಿಡಿ ತಿನ್ನುವ ಪದಾರ್ಥ ಅಲ್ಲ.

ಯಜಮಾನರಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರ. ಈ ಚೀಸ್ ಅವರಿಗೆ ಏನೂ ಮಾಡಿಲ್ಲ. ಕೆಲವರಿಗೆ ಜೀರ್ಣವಾಗದ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಮಾಗಿದ ಚೀಸಿನಲ್ಲಿ ಬಹಳ ಕಡಿಮೆ ಉಳಿದಿರುತ್ತದೆ, ಅದು ಕಾರಣ.

ಒಂದು ಸಲ ಮಗಳ ಹುಟ್ಟುಹಬ್ಬದ ಪಿಜ್ಜಾಗೆ ಅವಸರದಲ್ಲಿ ಆನ್‌ಲೈನ್‌ನಲ್ಲಿ ತುರಿದ ಪ್ಯಾಕೆಟ್ ತರಿಸಿದೆ. ಮುಂದೆ ಪಿಜ್ಜಾದ ಚಿತ್ರ, ದೊಡ್ಡ ಅಕ್ಷರದಲ್ಲಿ ಮೊಝರೆಲ್ಲಾ ಹೆಸರು. ಹಿಂದೆ ಸಣ್ಣ ಅಕ್ಷರದಲ್ಲಿ 'ಅನಲಾಗ್' (ಚೀಸಿನಂತೆ ಕಾಣುವ ಬದಲಿ ಪದಾರ್ಥ) ಅನ್ನುವ ಪದ, ಪದಾರ್ಥಗಳಲ್ಲಿ ನೀರಿನ ನಂತರ ತಾಳೆ ಎಣ್ಣೆ. ತೂಕದಲ್ಲಿ ಜಾಸ್ತಿ ಇರುವುದನ್ನೇ ಪಟ್ಟಿಯಲ್ಲಿ ಮೊದಲು ಬರೆಯಬೇಕು ಅಂತ ನಿಯಮ ಇದೆ. ಹಾಲೋ ಚೀಸೋ ಮೊದಲು ಇಲ್ಲದಿದ್ದರೆ ಅದು ನಿಜವಾದ ಚೀಸ್ ಅಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ಹತ್ತು ಮಕ್ಕಳು ಅದನ್ನೇ ತಿಂದು ಹೋದರು ಅನ್ನುವುದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಅಂದಿನಿಂದ ತುರಿದದ್ದು ಕೊಳ್ಳುವುದಿಲ್ಲ. ಬಣ್ಣ ನೋಡಿಯೂ ಕೊಳ್ಳಬೇಡಿ. ಕಿತ್ತಳೆ ಬಣ್ಣ ಸಾಮಾನ್ಯವಾಗಿ ಅನಾಟೊ ಬೀಜದ್ದು, ಗುಣಕ್ಕೂ ಅದಕ್ಕೂ ಸಂಬಂಧ ಇಲ್ಲ.

ತೊಂದರೆಗಳೂ ಇವೆ. ಒಂದು, ಸಿಗುವುದು ಕಷ್ಟ. ನಮ್ಮ ಬೀದಿಯ ಅಂಗಡಿಗಳಲ್ಲಿ ಇಲ್ಲ, ಗೋಕುಲಂವರೆಗೆ ಹೋಗಬೇಕು. ಯೋಗ ಕಲಿಯಲು ಬರುವ ವಿದೇಶಿಯರಿಂದಾಗಿ ಅಲ್ಲಿನ ಅಂಗಡಿಗಳಲ್ಲಿ ಇಂಥ ಚೀಸ್ ಇಟ್ಟಿರುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಐಸ್ ಪ್ಯಾಕ್ ಇಲ್ಲದೆ ತಂದರೆ ಮನೆ ಸೇರುವಷ್ಟರಲ್ಲಿ ಬೆವರಿರುತ್ತದೆ.

ಇನ್ನೊಂದು ಬೂಷ್ಟು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟರೆ ಐದಾರು ದಿನಕ್ಕೆ ಹಸಿರು ಚುಕ್ಕೆ ಬರುತ್ತಿತ್ತು. ಈಗ ಬಟರ್ ಪೇಪರಿನಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಡುತ್ತೇನೆ, ಒದ್ದೆ ಕೈ, ಒದ್ದೆ ಚಾಕು ತಾಗಿಸುವುದಿಲ್ಲ. ಆಮೇಲೂ ಬಂದರೆ ಚುಕ್ಕೆಯ ಸುತ್ತ ಒಂದು ಇಂಚು ದಪ್ಪಕ್ಕೆ ಕೊಯ್ದು ತೆಗೆದು ಉಳಿದದ್ದನ್ನು ಬಳಸಬಹುದು. ಇದು ಗಟ್ಟಿ ಚೀಸಿಗೆ ಮಾತ್ರ. ಪನೀರಿಗೋ ತುರಿದ ಚೀಸಿಗೋ ಬೂಷ್ಟು ಬಂದರೆ ಪೂರ್ತಿ ಎಸೆಯಬೇಕು. ಫ್ರೀಜರಿನಲ್ಲಿ ಇಟ್ಟೂ ನೋಡಿದೆ. ಪುಡಿಪುಡಿಯಾಗುತ್ತದೆ, ಸ್ಯಾಂಡ್‌ವಿಚ್‌ಗೆ ಬರುವುದಿಲ್ಲ, ಪಲ್ಯದ ಮೇಲೆ ಉದುರಿಸಲು ಪರವಾಗಿಲ್ಲ.

ಮಕ್ಕಳು ಒಗ್ಗಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಮಗ ಮೊದಮೊದಲು "ಹುಳಿ" ಅಂತ ಡಬ್ಬಿಯಲ್ಲೇ ಬಿಟ್ಟು ಬರುತ್ತಿದ್ದ. ರಾಗಿ ರೊಟ್ಟಿ ಬಿಸಿ ಇರುವಾಗ ಒಳಗೆ ತುರಿದು ಮಡಚಿ ಕೊಟ್ಟೆ, ಜೊತೆಗೆ ಸ್ವಲ್ಪ ಈರುಳ್ಳಿ. ಅದು ಖಾಲಿಯಾಗಿ ಬಂತು. ಈಗ ಶನಿವಾರ ಅವನೇ ತುರಿಯುವ ಮಣೆ ತೆಗೆದುಕೊಂಡು ಅಡುಗೆಮನೆಗೆ ಬರುತ್ತಾನೆ, ಅತ್ತೆಯ ಪಾಲಿನ 10 ಗ್ರಾಂ ತಕ್ಕಡಿಯಲ್ಲಿ ತೂಗುವುದೂ ಅವನೇ.